ಎಳೆಯಲು ಹೇಸರಗತ್ತೆ, ಕಟ್ಟಲು ಎಂಜಿನ್: ಆಮಿಶ್ ಬೇಸಾಯದ ಗಡಿ ಬದಲಾದ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಹೊಸ ಯಂತ್ರಗಳನ್ನು ಅಳೆದು ತೂಗಿಯೇ ಒಪ್ಪುವ ಆಮಿಶ್ ಎಂಬ ಕ್ರೈಸ್ತ ಪಂಗಡದ ರೈತರು ಇಂದಿಗೂ ಹೇಸರಗತ್ತೆಗಳನ್ನು ಹೂಡಿಯೇ ಉಳುತ್ತಾರೆ. ಆದರೆ ಅವು ಎಳೆದೊಯ್ಯುವ ಯಂತ್ರದ ಮೇಲೆ ಎಂಜಿನ್ ಗುಡುಗುತ್ತಿರುವುದೂ ಉಂಟು. ಕಂಡವರಲ್ಲಿ ಕೆಲವರು ಇದನ್ನು ಆಷಾಢಭೂತಿತನ ಎನ್ನುತ್ತಾರೆ, ಕೆಲವರು ಹಳೆಯ ಕಾಲ ಉಳಿದಿದೆಯೆಂದು ಹಿಗ್ಗುತ್ತಾರೆ. ಈ ಏರ್ಪಾಡು ಬಂದ ದಾರಿಯನ್ನು ನೋಡಿದರೆ ಎರಡು ಮಾತೂ ಅವಸರದ್ದೆನಿಸುತ್ತದೆ.

1910ರ ದಶಕದ ಕೊನೆಗೆ ಅಮೆರಿಕದ ಹೊಲಗಳಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಕುದುರೆ, ಹೇಸರಗತ್ತೆಗಳಿದ್ದವು. 1917ರಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು. 1924ರಲ್ಲಿ ಬಂದ ಫಾರ್ಮಾಲ್ ಟ್ರ್ಯಾಕ್ಟರ್, ಸಾಲುಗಳ ನಡುವೆ ಎಡೆ ಹೊಡೆಯುವ ಕೆಲಸವನ್ನೂ ಕುದುರೆಗಳಿಂದ ಕಿತ್ತುಕೊಂಡಿತು. 1950ರ ದಶಕದ ನಡುವಿಗೆ ಟ್ರ್ಯಾಕ್ಟರುಗಳ ಎಣಿಕೆಯೇ ಮೇಲಾಯಿತು.

ಲ್ಯಾಂಕಾಸ್ಟರಿನ ಆಮಿಶರಲ್ಲೂ ಕೆಲವರು ಟ್ರ್ಯಾಕ್ಟರ್ ತಂದು ನೋಡಿದರು. ಸಮುದಾಯದ ಹಿರಿಯರು ಅದನ್ನು ಪೂರ್ತಿ ಹೊರಗಿಡಲಿಲ್ಲ. ಕೊಟ್ಟಿಗೆಯ ಬಳಿ ನಿಂತು, ಬೆಲ್ಟಿನ ಮೂಲಕ ಒಕ್ಕಣೆ ಯಂತ್ರವನ್ನು ತಿರುಗಿಸಲು ಬಿಟ್ಟರು, ಹೊಲಕ್ಕೆ ಇಳಿಯಬಾರದೆಂದರು. ಕಾರು ಕೊಳ್ಳಲು ಆಗಲೇ ನಿಷೇಧವಿತ್ತು. ಹೊಲದಲ್ಲಿ ಓಡುವ ಯಂತ್ರ ನಾಳೆ ಪೇಟೆಗೂ ಓಡೀತು ಎಂಬ ಅಂಜಿಕೆ ಅವರದು. 1932ರಿಂದಾಚೆಗೆ ಟ್ರ್ಯಾಕ್ಟರುಗಳಿಗೆ ಗಾಳಿ ತುಂಬಿದ ಟೈರುಗಳು ಬಂದರೂ ಆಮಿಶರು ಉಕ್ಕಿನ ಗಾಲಿಯನ್ನು ಬಿಡದಿದ್ದುದಕ್ಕೆ ಇದೇ ಕಾರಣ.

ನಿಜವಾದ ತೊಡಕು ಶುರುವಾದದ್ದು 1950ರ ದಶಕದಲ್ಲಿ, ಒಣಹುಲ್ಲನ್ನು ಒತ್ತಿ ಕಟ್ಟುವ ಬೇಲರಿನಿಂದ. ಅಲ್ಲಿಯವರೆಗೆ ಹುಲ್ಲು ಕೊಯ್ಯುವ ಯಂತ್ರದ ಅಲಗು ಚಲಿಸುತ್ತಿದ್ದುದು ಅದರ ಗಾಲಿ ನೆಲದ ಮೇಲೆ ಉರುಳಿದಾಗ ಮಾತ್ರ. ಕುದುರೆ ನಿಂತರೆ ಅಲಗೂ ನಿಲ್ಲುತ್ತಿತ್ತು. ಬೇಲರಿಗೆ ಆ ಶಕ್ತಿ ಸಾಲದು. ಅದರ ಮೇಲೆ ಪ್ರತ್ಯೇಕ ಎಂಜಿನ್ ಕೂರಿಸಿದಾಗ ಕಟ್ಟುವ ದುಡಿಮೆ ಎಂಜಿನ್ನಿನದಾಗಿ, ಮುಂದಕ್ಕೆ ಎಳೆಯುವ ಭಾರವಷ್ಟೇ ಪ್ರಾಣಿಗಳಿಗೆ ಉಳಿಯಿತು. ಒಮ್ಮೆ ಇದನ್ನು ಒಪ್ಪಿದ ಮೇಲೆ, ತಾನೇ ಓಡುವ ಯಂತ್ರ ಏಕೆ ಬೇಡ ಎಂಬ ಪ್ರಶ್ನೆ ಏಳದೆ ಇರಲಿಲ್ಲ. 1966ರಲ್ಲಿ ಸಮುದಾಯ ಒಡೆದಾಗ ಬೇಸಾಯದ ಯಂತ್ರಗಳೂ ವಿವಾದದ ಭಾಗವಾಗಿದ್ದವು. ಉಳಿದವರು ಗಡಿಯನ್ನು ಬಿಗಿಗೊಳಿಸಿದರು: ಯಂತ್ರದ ಮೇಲೆ ಎಂಜಿನ್ ಇರಬಹುದು, ಯಂತ್ರ ತಾನಾಗಿ ಓಡಕೂಡದು. ಅದೇ ದಶಕದ ಕೊನೆಗೆ ಹಾಲು ಕೊಳ್ಳುವವರು ಶೀತಲ ಟ್ಯಾಂಕ್ ಬೇಕೇ ಬೇಕೆಂದರು. ಹಾಲು ತಂಪಾಗಿಸಲು ಡೀಸೆಲ್ ಎಂಜಿನ್ನಿಗೂ ಒಪ್ಪಿಗೆ ಸಿಕ್ಕಿತು. ಈ ಗಡಿಯನ್ನು ಸರಿಸಿದ್ದರಲ್ಲಿ ಧರ್ಮಚರ್ಚೆಯ ಪಾಲಿಗಿಂತ ಮಾರುಕಟ್ಟೆಯ ಪಾಲು ಕಡಿಮೆಯೇನಲ್ಲ.

ಆಮೇಲಿನ ಬೆಳವಣಿಗೆಯ ನಡುವೆ ಇರುವುದು ಫೋರ್‌ಕಾರ್ಟ್. ಎರಡು ಗಾಲಿ, ಒಂದು ಆಸನ, ಮುಂದೆ ಜೋಡಿ ಕುದುರೆಗೆ ಮೂಕಿ, ಹಿಂದೆ ಟ್ರ್ಯಾಕ್ಟರಿನಲ್ಲಿರುವಂಥದೇ ಕೊಂಡಿ. ಬೇಕಿದ್ದರೆ ಮೇಲೊಂದು ಎಂಜಿನ್. ಟ್ರ್ಯಾಕ್ಟರಿಗೆಂದು ಮಾಡಿದ ಉಪಕರಣವನ್ನು ಇದರ ಹಿಂದೆ ಕಟ್ಟಬಹುದು. ದೊಡ್ಡ ಕಂಪನಿಗಳು ಕುದುರೆ ಉಪಕರಣಗಳನ್ನು ಕೈಬಿಟ್ಟ ಮೇಲೆ ಇವನ್ನು ತಯಾರಿಸಿದ್ದು ಆಮಿಶರದೇ ಕಾರ್ಯಾಗಾರಗಳು; 1994ರಿಂದ ನಡೆಯುತ್ತಿರುವ 'ಹಾರ್ಸ್ ಪ್ರೋಗ್ರೆಸ್ ಡೇಸ್' ಮೇಳದಲ್ಲಿ ಅವನ್ನು ಹೊಲಕ್ಕೇ ಇಳಿಸಿ ತೋರಿಸುತ್ತಾರೆ. ಆಮಿಶರಲ್ಲದ ಸಣ್ಣ ತರಕಾರಿ ಬೆಳೆಗಾರರೂ ಇಂಥ ಉಪಕರಣ ಕೊಳ್ಳುವುದುಂಟು. ಮಣ್ಣು ಗಟ್ಟಿಯಾಗದಿರಲೆಂದು ಫ್ರಾನ್ಸಿನ ಕೆಲವು ದ್ರಾಕ್ಷಿತೋಟಗಳು ಕುದುರೆಗೆ ಮರಳಿದ್ದು ಬೇರೆಯೇ ಕಥೆ.

ಎಂಜಿನ್ ಎಷ್ಟೇ ಬಲವಾಗಿದ್ದರೂ ಯಂತ್ರ ಸಾಗುವುದು ಹೇಸರಗತ್ತೆಯ ನಡಿಗೆಯಲ್ಲೇ ಆದ್ದರಿಂದ, ಲ್ಯಾಂಕಾಸ್ಟರಿನ ಆಮಿಶ್ ಹಿಡುವಳಿಗಳು ಸಾಮಾನ್ಯವಾಗಿ ಒಂದು ಕುಟುಂಬ ನಿಭಾಯಿಸುವಷ್ಟಕ್ಕೇ ನಿಂತಿವೆ. ಆದರೆ ಅಷ್ಟು ಭೂಮಿಯನ್ನೂ ಎಲ್ಲ ಮಕ್ಕಳಿಗೆ ಕೊಡಿಸಲಾಗದಷ್ಟು ಅಲ್ಲಿನ ಬೆಲೆ ಏರಿದೆ. ಬಹಳಷ್ಟು ಯುವಕರು ಹೊಲ ಬಿಟ್ಟು ಮರಗೆಲಸ, ಕಟ್ಟಡ ಕೆಲಸಗಳಿಗೆ ಹೋಗುತ್ತಿದ್ದಾರೆ.