ಮುಖ್ಯಮಂತ್ರಿಯ ದನಿ, ಯಾರ ವೇದಿಕೆ?

ಬೆಂಗಳೂರಿನ ಗಣೇಶ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇದ್ದರೆ ಹಾಡುಗಳ ನಡುವೆ ಮಿಮಿಕ್ರಿಯೂ ಇರುತ್ತದೆ. ರಾಜ್‌ಕುಮಾರ್, ಶಂಕರ್‌ನಾಗ್ ದನಿ ಮುಗಿದ ಮೇಲೆ ಜನ ಕಾಯುವುದು ರಾಜಕಾರಣಿಗಳಿಗೆ. ದೇವೇಗೌಡರ ಹಾಸನದ ಕನ್ನಡ, ಸಿದ್ದರಾಮಯ್ಯನವರ ಮೈಸೂರು ಕಡೆಯ ಹಳ್ಳಿ ಮಾತು, ಖರ್ಗೆಯವರ ಕಲಬುರಗಿ ಧಾಟಿ. ಮೊದಲ ಪದಕ್ಕೇ ಶಿಳ್ಳೆ ಬೀಳುತ್ತದೆ. ಜಿಲ್ಲೆಗೊಂದು ಕನ್ನಡ ಇರುವ ನಾಡಿನಲ್ಲಿ ಕಲಾವಿದರು ಗಂಟಲಿನ ಜೊತೆ ಊರನ್ನೂ ಹಿಡಿಯಬೇಕು. ಇದು ಸಣ್ಣ ವಿದ್ಯೆ ಅಲ್ಲ.

ಆದರೆ ಆ ದನಿಯಲ್ಲಿ ಏನು ಹೇಳಿಸುತ್ತಾರೆ? ನಿದ್ದೆ, ಸಿಟ್ಟು, ಕೈ ಬೀಸುವ ರೀತಿ. ಟೆಂಡರ್, ಕೆರೆ ಒತ್ತುವರಿಯ ಮಾತು ಬರುವುದು ಕಡಿಮೆ. ಕಲಾವಿದರಿಗೆ ಧೈರ್ಯ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಪೆಂಡಾಲಿಗೆ ದುಡ್ಡು ಕೊಡುವವರಲ್ಲಿ ಸ್ಥಳೀಯ ಮುಖಂಡರೂ ಇರುತ್ತಾರೆ. ಅವರ ಫ್ಲೆಕ್ಸ್ ಕೆಳಗೇ ನಿಂತು ಅವರನ್ನು ಕೆಣಕುವುದು ಹೇಗೆ?

ರಂಗನಟ ಮಾಸ್ಟರ್ ಹಿರಣ್ಣಯ್ಯ ಅವರಿಗೆ ಈ ಕಟ್ಟು ಇರಲಿಲ್ಲ. 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಮೂಲ ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ಹೆಸರಾಂತ ನಟ, ನಾಟಕಕಾರ. 1953ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಹತ್ತೊಂಬತ್ತು. ಮುಂದೆ ಹಿರಣ್ಣಯ್ಯ ಮಿತ್ರ ಮಂಡಳಿ ಎಂಬ ನಾಟಕ ಕಂಪನಿಯನ್ನು ಅವರೇ ನಡೆಸಿದರು. ‘ಲಂಚಾವತಾರ’ ಅವರನ್ನು ಮನೆಮಾತಾಗಿಸಿತು. ಆ ನಾಟಕ ಸಾವಿರಾರು ಪ್ರಯೋಗ ಕಂಡಿತು.

ಅವರು ಧ್ವನಿ ಅನುಕರಣೆಯ ಕಲಾವಿದರಲ್ಲ. ಅಧಿಕಾರಿಯ, ಮಂತ್ರಿಯ ನಡತೆಯನ್ನು ಅನುಕರಿಸಿದವರು. ಕಥೆ ಹಳೆಯದೇ, ಮಾತು ಮಾತ್ರ ಅವತ್ತಿನದು. ಬೆಳಗಿನ ಪತ್ರಿಕೆಯ ಸುದ್ದಿ ಸಂಜೆಯ ಸಂಭಾಷಣೆಯೊಳಗೆ ಬರುತ್ತಿತ್ತು. ಅಧಿಕಾರದಲ್ಲಿ ಇರುವವರನ್ನು ಹೆಸರು ಹಿಡಿದೇ ಕೇಳುತ್ತಿದ್ದರು. ಆಳುವ ಪಕ್ಷ ಬದಲಾದರೆ ಅವರ ಗುರಿಯೂ ಬದಲಾಗುತ್ತಿತ್ತು. ಹಾಗಾಗಿಯೇ ಒಂದೇ ನಾಟಕವನ್ನು ಜನ ಮತ್ತೆ ಮತ್ತೆ ನೋಡಿದರು. ಕಂಪನಿ ಅವರದು, ಅದು ನಡೆದದ್ದು ಟಿಕೆಟ್ ಕೊಂಡ ಪ್ರೇಕ್ಷಕರಿಂದ. ಮಾತಿಗೆ ಕತ್ತರಿ ಹಾಕಲು ನಡುವೆ ಇನ್ನೊಬ್ಬ ಯಜಮಾನ ಇರಲಿಲ್ಲ. 2019ರ ಮೇ 2ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಯಜಮಾನ ಬೇರೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ರಾಜಸ್ಥಾನದ ಶ್ಯಾಮ್ ರಂಗೀಲಾ ಉದಾಹರಣೆ. 2017ರಲ್ಲಿ ಅವರು ಟಿವಿ ಹಾಸ್ಯ ಸ್ಪರ್ಧೆಯಲ್ಲಿ ನರೇಂದ್ರ ಮೋದಿ ದನಿ ಮಾಡಿದರು. ವಾಹಿನಿ ಅದನ್ನು ಪ್ರಸಾರವೇ ಮಾಡಲಿಲ್ಲ. ಸೋರಿಹೋದ ವಿಡಿಯೊದಿಂದಲೇ ದೇಶಕ್ಕೆಲ್ಲ ಪರಿಚಯವಾದರು.

ಟಿಕೆಟ್ ಮಾರಿದ ಮಾತ್ರಕ್ಕೆ ಈಗ ವೇದಿಕೆ ಸಿಗುತ್ತದೆ ಅಂತಲೂ ಇಲ್ಲ. 2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಸ್ಟ್ಯಾಂಡಪ್ ಹಾಸ್ಯ ಕಲಾವಿದ ಮುನಾವರ್ ಫಾರೂಕಿ ಅವರ ಶೋ ಇತ್ತು. ಕಾನೂನು ಸುವ್ಯವಸ್ಥೆಯ ಕಾರಣ ಹೇಳಿ ಪೊಲೀಸರು ಆಯೋಜಕರಿಗೆ ಪತ್ರ ಬರೆದರು. ಶೋ ನಿಂತಿತು. ನಾಟಕಗಳ ಬಾಯಿ ಕಟ್ಟಲು ಬ್ರಿಟಿಷರು 1876ರಲ್ಲಿ ತಂದ ಕಾಯ್ದೆ 2018ರಲ್ಲಿ ರದ್ದಾಯಿತು. ಆದರೆ ಶೋ ನಿಲ್ಲಿಸಲು ಅಂಥ ಕಾಯ್ದೆಯೇ ಬೇಕಿಲ್ಲ, ಒಂದು ಪತ್ರ ಸಾಕು.

ನನಗೆ ನೋವಾಗುವುದು ಇಲ್ಲೇ. ಗಲಾಟೆ ಮಾಡುತ್ತೇವೆ ಎನ್ನುವವರನ್ನು ತಡೆಯುವ ಬದಲು ಮಾತಾಡುವವರನ್ನು ತಡೆಯುವುದು ಸುಲಭ, ಅಲ್ವಾ? ಆದರೆ 1989ರಲ್ಲೇ ಸುಪ್ರೀಂ ಕೋರ್ಟ್, ಎಸ್. ರಂಗರಾಜನ್ ಪ್ರಕರಣದಲ್ಲಿ, ಇದು ಒಪ್ಪುವಂಥದ್ದಲ್ಲ ಎಂದಿದೆ. ಪ್ರತಿಭಟನೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ವಿರೋಧಿಗಳನ್ನು ನಿಭಾಯಿಸಲು ಆಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ. ತಮಿಳು ಸಿನಿಮಾವೊಂದರ ಬಗ್ಗೆ ಬಂದ ತೀರ್ಪು ಇದು. ಬೆಂಗಳೂರಿನಲ್ಲಿ ಸಭಾಂಗಣ ಬುಕ್ ಮಾಡುವ ಆಯೋಜಕರು ಅದರ ಪ್ರತಿಯನ್ನು ಅನುಮತಿ ಅರ್ಜಿಯ ಜೊತೆಗೇ ಕೊಡುವುದು ಒಳ್ಳೆಯದು.