ಬೆಳೆಯುವ ಬಸವ, ಚದರಡಿ ಲೆಕ್ಕದ ಜೋಗ

ಎದುರುಮನೆಯ ರಾಯರು ದಿನಾ ಬೆಳಗ್ಗೆ ಆರೂವರೆಗೆ ವಾಟ್ಸಾಪಿಗೆ ಒಂದು ಚಿತ್ರ ಕಳಿಸುತ್ತಾರೆ. ದೇವರ ಪಟ, ಶುಭೋದಯದ ಗುಲಾಬಿ ಎಲ್ಲ ಮುಗಿದು ಈಗ ಕಟ್ಟಡಗಳ ಸರದಿ. ಹೋದ ವಾರ ಬಾರ್ಸಿಲೋನಾದ ಪಾರ್ಕ್ ಗುವೆಲ್ ಬಂತು. ಹಾವಿನಂತೆ ಬಳುಕುವ ಉದ್ದನೆಯ ಬೆಂಚು, ಅದರ ಮೈತುಂಬ ಒಡೆದ ಟೈಲ್ಸ್ ಚೂರುಗಳ ಬಣ್ಣ. ಮರುದಿನ ಚಂಡೀಗಢದ ರಾಕ್ ಗಾರ್ಡನ್. ಕೆಳಗೆ ರಾಯರ ಷರಾ: "ನಮ್ಮ ಬೆಂಗಳೂರಲ್ಲಿ ಇಂಥದ್ದು ಒಂದಾದರೂ ಇದೆಯೇನ್ರೀ?"

ಇದೆ ಅಂತ ಒಂದು ಪಟ್ಟಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ರಾಯರು ಮೆಚ್ಚಿದ ಎರಡೂ ಜಾಗಗಳ ಹುಟ್ಟು ನೋಡಿ. ಪಾರ್ಕ್ ಗುವೆಲ್ ಕಟ್ಟಿದ ವಾಸ್ತುಶಿಲ್ಪಿ ಗೌಡಿ ಹಾಗೂ ಅವರ ಜೊತೆಗಾರರು ಬಳಸಿದ್ದು ಒಡೆದ ಚೂರುಗಳನ್ನು. ಚಂಡೀಗಢದ ನೇಕ್ ಚಂದ್ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು. ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಎಲ್ಲವನ್ನೂ ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗಿ, ಸರ್ಕಾರಿ ಕಾಡಿನ ಮರೆಯಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕದ್ದುಮುಚ್ಚಿ ಗೊಂಬೆ ಮಾಡಿದರು. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅದು ಒತ್ತುವರಿ. ಕೆಡವದೆ ಬಿಟ್ಟರು, 1976ರಲ್ಲಿ ಜನರಿಗೆ ತೆರೆದರು, ಅವರಿಗೇ ಸಂಬಳ ಕೊಟ್ಟು ಆಳುಗಳನ್ನೂ ಒದಗಿಸಿದರು. ಎರಡರಲ್ಲೂ ಮೊದಲು ಬಂದದ್ದು ಸಾಮಗ್ರಿ, ಆಮೇಲೆ ಆಕಾರ. ಆ ಕಣ್ಣಿನಿಂದ ನೋಡಿದರೆ ಬೆಂಗಳೂರಿನ ಕತೆ ರಾಯರು ಅಂದುಕೊಂಡಷ್ಟು ಬಡವಾದದ್ದಲ್ಲ. ಆದರೆ ಅದು ಎಲ್ಲಿ ಚೆನ್ನಾಗಿತ್ತು, ಎಲ್ಲಿ ಹಳಿ ತಪ್ಪಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಷ್ಟು ಹಿಂದಕ್ಕೆ ಅಂದರೆ, ಬಂಡೆಯವರೆಗೆ. ಲಾಲ್‌ಬಾಗಿನ ದಿಬ್ಬದಲ್ಲಿ ನಾವು ಕಡಲೆಕಾಯಿ ಸಿಪ್ಪೆ ಬಿಸಾಡುವ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿ ಫಲಕವನ್ನೂ ಹಾಕಿದ್ದಾರೆ. ಇದೇ ಜಾತಿಯ ಕಲ್ಲು ಬಸವನಗುಡಿಯ ಕಹಳೆ ಬಂಡೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ಅದರ ಪಕ್ಕದಲ್ಲೇ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ಬಸವ ಕೂತಿದ್ದಾನೆ, ಎತ್ತರ ಸುಮಾರು 15 ಅಡಿ. ಎಣ್ಣೆ ಬೆಣ್ಣೆ ಸವರಿ ಸವರಿ ಕಪ್ಪಾಗಿದ್ದಾನೆ, ಮೂಲದಲ್ಲಿ ಬೂದು ಕಲ್ಲೇ. ಈ ಬಸವ ವರ್ಷವರ್ಷ ಬೆಳೆಯುತ್ತಿದ್ದನಂತೆ. ಹೀಗೇ ಬಿಟ್ಟರೆ ಗುಡಿಯ ಚಾವಣಿ ಕಿತ್ತುಕೊಂಡು ಹೋದಾನು ಅಂತ ನೆತ್ತಿಗೆ ಮೊಳೆ ಹೊಡೆದು ನಿಲ್ಲಿಸಿದರಂತೆ. ಚಿಕ್ಕಂದಿನಲ್ಲಿ ಕಡಲೆಕಾಯಿ ಪರಿಷೆಗೆ ಹೋದಾಗಲೆಲ್ಲ ನಾನು ಆ ಮೊಳೆ ಹುಡುಕುತ್ತಿದ್ದೆ. ಈಗ ಅನ್ನಿಸುತ್ತದೆ, ಸಾವಯವ ವಾಸ್ತುಶಿಲ್ಪದ ಬಗ್ಗೆ ಇದಕ್ಕಿಂತ ಒಳ್ಳೆಯ ಕತೆ ಯಾವ ಊರಿನಲ್ಲೂ ಹುಟ್ಟಿರಲಿಕ್ಕಿಲ್ಲ. ಕಲ್ಲು ನೆಲದಿಂದ ಬಿಡಿಸಿಕೊಂಡಿಲ್ಲ, ಇನ್ನೂ ಜೀವ ಹಿಡಿದಿದೆ ಅಂತ ಜನ ನಂಬಿದ್ದರು.

('ಸಾವಯವ' ಅಂದರೆ ನಮಗೆ ಮೊದಲು ನೆನಪಾಗುವುದು ದುಬಾರಿ ಬೆಲ್ಲ. ಕಟ್ಟಡಕ್ಕೆ ಆ ಮಾತನ್ನು ಅಂಟಿಸಿ ಬಳಕೆಗೆ ತಂದವರು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್. ಬಾಗಿದ ಗೋಡೆ, ಅಣಬೆಯಂಥ ಸೂರು ಇರಲೇಬೇಕು ಅಂತ ಅದರ ಅರ್ಥವಲ್ಲ. ಕಟ್ಟಡ ಆ ಜಾಗದಿಂದಲೇ ಎದ್ದು ಬಂದಂತಿರಬೇಕು, ಅಷ್ಟೆ.)

ಅಲ್ಲಿಂದ ಗವೀಪುರ ನಡೆದು ಹೋಗುವಷ್ಟು ದೂರ. ಅಲ್ಲಿ ಗುಡಿಗಾಗಿ ಬಂಡೆ ತಂದಿಲ್ಲ, ಬಂಡೆಯೊಳಗಿನ ಗವಿಯನ್ನೇ ಗುಡಿ ಮಾಡಿದ್ದಾರೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನುವ ದೊಡ್ಡ ಕಲ್ಲಿನ ತಟ್ಟೆಗಳು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಹೊರಗಿನ ನಂದಿಯ ಕೊಂಬುಗಳ ನಡುವಿನಿಂದ ಹಾದು ಒಳಗಿನ ಲಿಂಗದ ಮೇಲೆ ಬೀಳುವುದನ್ನು ಟೀವಿಯವರು ನೇರಪ್ರಸಾರ ಮಾಡುತ್ತಾರೆ. ಸೂರ್ಯ ದಕ್ಷಿಣಕ್ಕೆ ಇಳಿಯುವಾಗಲೂ ಅದೇ ಹಾದಿ ಹಿಡಿಯುವುದರಿಂದ ನವೆಂಬರ್ ಕೊನೆಯ ಹೊತ್ತಿಗೂ ಇದೇ ಬೆಳಕು ಬೀಳುತ್ತದೆ. ಆಗ ಕ್ಯಾಮೆರಾ ಇರುವುದಿಲ್ಲ.

ನೆಲದ ಮೇಲೆ ಕಲೆಯನ್ನು ತಂದು ಇಡುವ ಪದ್ಧತಿ ಶುರುವಾದದ್ದು ದಂಡು ಪ್ರದೇಶ ಬಂದ ಮೇಲೆ. ಕಬ್ಬನ್ ಪಾರ್ಕಿನ ಅಂಚಿನಲ್ಲಿ 1906ರಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ನಿಂತಿತು. ಪೀಠ, ಬೇಲಿ, ಸುತ್ತ ಹುಲ್ಲು. ಬಸವನ ಹಣೆಗೆ ಬೆಣ್ಣೆ ಸವರಬಹುದು, ರಾಣಿಯನ್ನು ದೂರದಿಂದ ನೋಡಬೇಕು. ನಮ್ಮ ವೃತ್ತಗಳಲ್ಲಿ ಆಮೇಲೆ ಎದ್ದ ನೂರಾರು ಪ್ರತಿಮೆಗಳು, ನಾಯಕರು ಯಾರೇ ಆಗಿರಲಿ, ಈ ರಾಣಿಯ ಮಾದರಿಯವೇ. 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ ಅನಾವರಣವಾದ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ ಕೂಡ. ಶಿಲ್ಪಿ ರಾಮ್ ಸುತಾರ್ ಅವರ ಕೈಚಳಕದ ಬಗ್ಗೆ ತಕರಾರಿಲ್ಲ. ಆದರೆ ಊರು ಕಟ್ಟಿದವರನ್ನು ಊರಿನಿಂದ ಅಷ್ಟು ದೂರ ನಿಲ್ಲಿಸಿದ್ದೇಕೆ ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ.

ನಡುವೆ ವಿಧಾನಸೌಧ ಬಂತು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದಾಗ ಇದ್ದದ್ದು ಸರಳ ನಕ್ಷೆ. ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿ, ಇಲ್ಲಿನ ಬೆಣಚು ಕಲ್ಲಿನಲ್ಲೇ, ದ್ರಾವಿಡ ಶೈಲಿಯಲ್ಲೇ ಆಗಬೇಕು ಅಂತ ಹಟ ಹಿಡಿದರು. ಸುತ್ತಮುತ್ತಲ ಕಲ್ಲಿನ ಜೊತೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಹಸಿರು ಕಲ್ಲು ಸೇರಿದವು, ಕೈದಿಗಳೂ ದುಡಿದರು. ಅದರ ಗುಮ್ಮಟ, ಕಂಬಗಳ ಅಬ್ಬರ ನನಗೆ ಅಷ್ಟಕ್ಕಷ್ಟೆ. ಕಲ್ಲು ಕೆಲಸ ಮಾತ್ರ, ಸಂಜೆ ಬಿಸಿಲಲ್ಲಿ ಹತ್ತಿರ ನಿಂತು ನೋಡಿದರೆ, ಬಾಯಿ ಮುಚ್ಚಿಸುತ್ತದೆ.

ಬೀದಿಯಲ್ಲಿ ನಿಜವಾಗಿ ಜನರ ಕಲೆಯಾಗಿದ್ದದ್ದು ಬೇರೆ. ಕೆಂಪೇಗೌಡ ರಸ್ತೆ, ಗಾಂಧಿನಗರದ ಟಾಕೀಸುಗಳ ಮುಂದೆ ನಾಲ್ಕೈದು ಆಳೆತ್ತರದ ಕಟೌಟು, ಬಟ್ಟೆಯ ಮೇಲೆ ಬರೆದ ಬ್ಯಾನರು. ಸಣ್ಣ ಸ್ಟಿಲ್ಲಿನ ಮೇಲೆ ಚೌಕ ಗೆರೆ ಹಾಕಿ, ಅದೇ ಲೆಕ್ಕದಲ್ಲಿ ಬಟ್ಟೆಯ ಮೇಲೂ ಗೆರೆ ಎಳೆದು, ಚೌಕದಿಂದ ಚೌಕಕ್ಕೆ ಮುಖ ತುಂಬಿಸುವ ಕಸುಬು ಅದು. ಹತ್ತಿರದಿಂದ ನೋಡಿದರೆ ರಾಜ್‌ಕುಮಾರರ ಕೆನ್ನೆಯಲ್ಲಿ ನೇರಳೆ, ಹಸಿರು ಬಣ್ಣದ ಪಟ್ಟೆ. ರಸ್ತೆ ದಾಟಿ ಆಚೆ ನಿಂತರೆ ಜೀವಂತ ಮುಖ. ಫ್ಲೆಕ್ಸ್ ಯಂತ್ರ ಬಂದದ್ದೇ ಬಂದದ್ದು, ಕೆಲವೇ ವರ್ಷಗಳಲ್ಲಿ ಈ ಕಸುಬು ನೆಲಕಚ್ಚಿತು.

2009ರಲ್ಲಿ ಆ ಬ್ಯಾನರ್ ಬರೆಯುವವರಿಗೆ ಮತ್ತೆ ಕೆಲಸ ಸಿಕ್ಕಿತು, ಕೊಟ್ಟದ್ದು ಪಾಲಿಕೆ. ನಗರದ ಮುಖ್ಯ ರಸ್ತೆಗಳ ಕಾಂಪೌಂಡುಗಳ ಮೇಲೆ ಚಿತ್ರ ಬರೆಸುವ ಯೋಜನೆ. ಜೋಗ, ಹಂಪಿಯ ಕಲ್ಲಿನ ರಥ, ಹುಲಿ, ನವಿಲು, ಯಕ್ಷಗಾನದ ಕಿರೀಟ. ಪೋಸ್ಟರ್ ಅಂಟಿಸಬಾರದು, ಗೋಡೆಗೆ ಉಚ್ಚೆ ಹುಯ್ಯಬಾರದು ಅನ್ನುವುದು ಹಿಂದಿದ್ದ ಲೆಕ್ಕಾಚಾರ. ಕಲಾಲೋಕದ ಕೆಲವರು ಮೂಗು ಮುರಿದರು, ಕ್ಯಾಲೆಂಡರ್ ಚಿತ್ರ ಅಂದರು. ನನಗೆ ಬರೆದವರ ಮೇಲೆ ದೂರಿಲ್ಲ. ಕೈ ಪಳಗಿದವರು, ಹೇಳಿದ್ದನ್ನು ಬರೆದರು. ತೊಂದರೆ ಇದ್ದದ್ದು ಹೇಳಿದ ರೀತಿಯಲ್ಲಿ. ಗೋಡೆ ಕೆಲಸ ಅಂದರೆ ಚದರಡಿಗೆ ಇಷ್ಟು ಅನ್ನುವ ಲೆಕ್ಕ. ಆ ಲೆಕ್ಕದಲ್ಲಿ ಗೋಡೆ ಎಲ್ಲಿದೆ, ಎದುರಿಗೆ ಏನಿದೆ, ಯಾರು ಓಡಾಡುತ್ತಾರೆ ಅನ್ನುವುದಕ್ಕೆ ಕಾಲಮ್ಮೇ ಇಲ್ಲ. ಜೋಗ ಯಾವ ಗೋಡೆಗೂ ಒಗ್ಗುತ್ತದೆ, ಆದ್ದರಿಂದಲೇ ಯಾವ ಗೋಡೆಯದ್ದೂ ಆಗುವುದಿಲ್ಲ. ನಮ್ಮ ಬಡಾವಣೆಯ ಗೋಡೆಯ ಜೋಗಕ್ಕೆ ಆಮೇಲೆ ಯಾರೋ ಪೈಪು ಹಾಕಲು ತೂತು ಕೊರೆದರು, ಸಿಮೆಂಟು ಮೆತ್ತಿ ಹೋದರು. ರಾಣಿಗೂ ರಾಕೆಟ್‌ಗೂ ನಡುವೆ ಬೂದು ಬಣ್ಣದ ಐದನೇ ಜಲಪಾತ.

ಕೇಳದೆ ಬರೆಯುವವರಿಗೆ ದಾರಿ ಇನ್ನೂ ಕಿರಿದು. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಜಾಹೀರಾತಿನ ಹಾವಳಿಗೆಂದು ಬಂದದ್ದು. ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿದರೆ, ಬರೆದರೆ ಶಿಕ್ಷೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಪಾಲಿಕೆ ರಾತ್ರೋರಾತ್ರಿ ಫ್ಲೆಕ್ಸ್ ಕಿತ್ತದ್ದು ನೆನಪಿರಬಹುದು. ಆ ವಾರ ಊರಿಗೆ ಆಕಾಶ ಇದೆ ಅಂತ ಗೊತ್ತಾಯಿತು! ಆದರೆ ವಿರೂಪ ಯಾವುದು, ಚಿತ್ರ ಯಾವುದು ಅಂತ ತೀರ್ಮಾನಿಸುವವರು ಅನುಮತಿ ಕೊಡುವ ಕಚೇರಿಯವರೇ. ನೇಕ್ ಚಂದ್ ನಮ್ಮಲ್ಲಿ ಹುಟ್ಟಿದ್ದರೆ ನೋಟಿಸು ಮೊದಲು ಬರುತ್ತಿತ್ತೇನೋ.

ಈ ಕಿರಿದಾರಿಯಲ್ಲೇ ಕೆಲವರು ನಡೆದರು. 2010ರಿಂದ ಹೆಸರು ಹೇಳಿಕೊಳ್ಳದ 'ದಿ ಅಗ್ಲಿ ಇಂಡಿಯನ್' ಗುಂಪು ಕಸದ ಮೂಲೆಗಳನ್ನು ಗುಡಿಸಿ, ಕೆಮ್ಮಣ್ಣು ಬಣ್ಣ ಬಳಿದು, ಫ್ಲೈಓವರ್ ಕಂಬಗಳಿಗೆ ತ್ರಿಕೋನ ಬರೆಯಿತು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಪೀಣ್ಯ ಮೆಟ್ರೋ ನಿಲ್ದಾಣದ ಗೋಡೆ ಹಿಡಿದರು. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರ ಅರವಾಣಿ ಆರ್ಟ್ ಪ್ರಾಜೆಕ್ಟ್ 2016ರಲ್ಲಿ ಇಲ್ಲೇ ಶುರುವಾಗಿ, ತಮ್ಮನ್ನು ಕಂಡರೆ ಮುಖ ತಿರುಗಿಸುವ ರಸ್ತೆಗಳಲ್ಲೇ ಆಳೆತ್ತರದ ಮುಖಗಳನ್ನು ಬರೆಯಿತು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮೊಸಳೆ. 2015ರ ಜೂನ್. ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರು ನಿಂತ ದೊಡ್ಡ ಗುಂಡಿ, ವಾರಗಟ್ಟಲೆಯಿಂದ ಯಾರೂ ಮುಚ್ಚಿರಲಿಲ್ಲ. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಅದರ ಸುತ್ತ ಹಸಿರು ಬಳಿದು, ಒಳಗೆ ನಿಜಗಾತ್ರದ ಮೊಸಳೆಯೊಂದನ್ನು ಬಿಟ್ಟರು. ಬಸ್ಸಿನಲ್ಲಿದ್ದವರು ಎದ್ದು ನಿಂತು ನೋಡಿದರು. ಪತ್ರಿಕೆಗಳಲ್ಲಿ ಬಂತು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಇಳಿಯಬೇಕಿದ್ದ ವಾರವೇ, ಹೇರೋಹಳ್ಳಿ ಕಡೆಯ ಗುಂಡಿ ಬಿದ್ದ ರಸ್ತೆಯಲ್ಲಿ, ಬಾದಲ್ ಅವರದೇ ವಿಡಿಯೋಗಾಗಿ ನಟ ಪೂರ್ಣಚಂದ್ರ ಮೈಸೂರು ಗಗನಯಾತ್ರಿ ವೇಷದಲ್ಲಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರು. ಚಂದ್ರನ ಮೇಲಿದ್ದಾರೆ ಅಂತ ನೋಡುತ್ತಿದ್ದಂತೆ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ಮರುದಿನವೇ ರಸ್ತೆ ರಿಪೇರಿಗೆ ಜೆಸಿಬಿ.

ಗುಂಡಿಯನ್ನು ಮರೆಮಾಚದೆ ಅದನ್ನೇ ಕೆರೆ ಮಾಡಿದ್ದು ಇಲ್ಲಿನ ಜಾಣತನ. ಆ ಮೊಸಳೆಯನ್ನು ಬೇರೆ ರಸ್ತೆಗೆ ಎತ್ತಿಟ್ಟರೆ ಅದು ಬರೀ ಫೈಬರ್ ಗೊಂಬೆ. ಬಂಡೆ ಕಂಡಲ್ಲಿ ಬಸವನನ್ನು ಕಂಡವರ ಕಣ್ಣು ಇದೇ ಅಂತ ಹೇಳಿದರೆ ಭಕ್ತರು ಬೇಜಾರು ಮಾಡಿಕೊಳ್ಳಬಾರದು.

ಕಟ್ಟಡಗಳಲ್ಲಿ ಈ ಕಣ್ಣು ಮತ್ತೆ ತೆರೆದದ್ದು ಅನಿರೀಕ್ಷಿತ ಜಾಗದಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಲ್ಯಾಬಿನಲ್ಲಿ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನುವ ಘಟಕ ಶುರುವಾಯಿತು. ಒಲೆ, ಗೋಬರ್ ಗ್ಯಾಸಿನ ಜೊತೆಗೆ ಮಣ್ಣಿನ ಗೋಡೆಯ ಸಂಶೋಧನೆ. ಕೆ.ಎಸ್. ಜಗದೀಶ್ ಮತ್ತವರ ಜೊತೆಗಾರರು ನಮ್ಮ ಕೆಮ್ಮಣ್ಣಿಗೆ ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಇಟ್ಟಿಗೆ ಮಾಡುವುದನ್ನು ಪಳಗಿಸಿದರು. ಯಂತ್ರಗಳಲ್ಲೊಂದರ ಹೆಸರು 'ಮರ್ದಿನಿ'. ಈ ಇಟ್ಟಿಗೆಯನ್ನು ಸುಡಬೇಕಿಲ್ಲ, ಮೂರು ವಾರ ನೀರುಣಿಸಿದರೆ ಸಾಕು. ಹಳ್ಳಿಗೆಂದು ಹೊರಟ ಈ ಇಟ್ಟಿಗೆಯನ್ನು ಕೊನೆಗೆ ಹೆಚ್ಚು ಪ್ರೀತಿಯಿಂದ ಬರಮಾಡಿಕೊಂಡದ್ದು ಬೆಂಗಳೂರಿನ ಬಡಾವಣೆಗಳು. ಹಳ್ಳಿಯವರು ಆರ್‌ಸಿಸಿ ಕೇಳುತ್ತಿದ್ದಾಗ ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ 1990ರ ದಶಕದಲ್ಲೇ ಮಣ್ಣಿನ ಮನೆ ಕಟ್ಟಿ ವಾಸಕ್ಕೆ ಹೋದರು. ಆಮೇಲೆ ಅವರ ಬಯೋಮ್ ಸಂಸ್ಥೆ ಇಂಥ ಮನೆಗಳನ್ನು ಸಾಲುಸಾಲಾಗಿ ಕಟ್ಟಿತು. ಸೈಟಿನಲ್ಲಿ ನೆಲಮಾಳಿಗೆಗೆ ಅಗೆಯುತ್ತೀರಿ, ತೆಗೆದ ಮಣ್ಣೇ ಮೇಲಿನ ಗೋಡೆ. ಮಳೆ ನೀರು ತೊಟ್ಟಿಗೆ. ಮನೆ ತನ್ನ ಸೈಟಿನಿಂದಲೇ ಎದ್ದು ಬಂತು ಅನ್ನುವುದು ಇಲ್ಲಿ ಉಪಮೆಯಲ್ಲ.

ಅಷ್ಟು ಹೊತ್ತಿಗಾಗಲೇ ವಾಸ್ತುಶಿಲ್ಪಿ ಬಿ.ವಿ. ದೋಶಿ ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಕಟ್ಟಿದ್ದರು, 1970ರ ದಶಕದ ಕೊನೆಯಿಂದ 80ರ ದಶಕದವರೆಗೆ. ಬೂದು ಕಲ್ಲಿನ ಒರಟು ಗೋಡೆ, ಆಕಾಶಕ್ಕೆ ತೆರೆದ ಉದ್ದುದ್ದ ಪಡಸಾಲೆ, ಮೇಲಿನ ತೊಲೆಗಳಿಗೆ ಹಬ್ಬಿದ ಬಳ್ಳಿ. ಗಡಿಯಾರ ನೋಡದೆ ನೆರಳು ನೋಡಿಯೇ ಹೊತ್ತು ಹೇಳಬಹುದು. ಹಿಂದಿ ಸಿನಿಮಾವೊಂದರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ ಇದನ್ನು ನೋಡಿದ ದೇಶವೆಲ್ಲ ಮೆಚ್ಚಿತು. ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂದದ್ದು 2018ರಲ್ಲಿ.

ಈಗ ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ. ಬಿದಿರಿನ ಚಾವಣಿಯಿಂದ ಸೋಸಿ ಬರುವ ಬೆಳಕು, ಕಂಚಿನ ಬಣ್ಣದ ತೂಗುಗಂಟೆಗಳಂತೆ ಇಳಿಬಿದ್ದ ಗಿಡಗಳು, ನೀರಿನ ಸದ್ದು. ಒಳಾಂಗಣಕ್ಕೆ 2023ರಲ್ಲಿ ಪ್ರಿ ವರ್ಸಾಯ್ ವಿಶೇಷ ಪ್ರಶಸ್ತಿಯೂ ಬಂತು. ಚಂದವಿದೆ, ಸುಳ್ಳು ಹೇಳಲಾರೆ. ಆದರೆ ಒಳಗೆ ಹೋಗಲು ಟಿಕೆಟ್ ಬೇಕು, ಐಐಎಮ್ಮಿಗೆ ಸೀಟು ಬೇಕು, ಮಣ್ಣಿನ ಮನೆಗೆ ನೆಂಟರಾಗಿರಬೇಕು. ಪುಕ್ಕಟೆ ನೋಡಬಹುದಾದದ್ದು ಬಸವ, ಗವಿ, ಹಾಗೂ ಬಾದಲ್ ಮನಸ್ಸು ಮಾಡಿದ ದಿನ ಗುಂಡಿ.

ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಯಲಾಗದೆ ಕಳೆದ ಭಾನುವಾರ ರಾಯರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಗವೀಪುರದಲ್ಲಿ ಕೈಮುಗಿದರು. ಬಸವನ ನೆತ್ತಿಯನ್ನು ಕತ್ತು ಹೊರಳಿಸಿ ನೋಡಿ "ಮೊಳೆ ಕಾಣಿಸಲ್ವಲ್ಲ" ಅಂದರು. ಸಂಜೆ ನನ್ನ ಪರಿಚಯದವರ ಮಣ್ಣಿನ ಮನೆಗೆ ಕರೆದೊಯ್ದೆ. ಗಿಲಾಯಿ ಇಲ್ಲದ ಕೆಂಪು ಗೋಡೆ. ರಾಯರು ಅಂಗೈ ಇಟ್ಟರು, ತಣ್ಣಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಮಗಳಿಗೆ ಕೆಂಗೇರಿ ಕಡೆ ಸೈಟು ಕೊಂಡಿದ್ದಾರೆ ಅಂತ ನನಗೆ ಆಗಷ್ಟೇ ಗೊತ್ತಾದದ್ದು.

"ಇದು ಚದರಡಿಗೆ ಎಷ್ಟು ಬೀಳುತ್ತೆ?" ಅಂದರು.