ಬಿಡಿಭಾಗ ಬದಲಿಸುವ ಮುನ್ನ ಅಳೆದು ನೋಡಿ

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಬೈಕು ಎಂದರೆ ದುಡಿಮೆಯ ವಾಹನ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಗೂಡು ಬಿಡಿಸಿದ ದಿನ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಸಂಜೆ ತೋಟಕ್ಕೆ ಗೊಬ್ಬರದ ಮೂಟೆ ಹೊತ್ತ ಬೈಕು ಎರಡನೆಯ ಅಥವಾ ಮೂರನೆಯ ಒಡೆಯರ ಕೈ ಸೇರುವಾಗ ಅದರ ಒಳಗೆ ಏನೇನು ಸವೆದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಇಂಥ ಸೆಕೆಂಡ್ ಹ್ಯಾಂಡ್ ಬೈಕನ್ನು ಕೊಂಡ ಹೊಸಬರು, ಒಂದು ದಿನ ಸೆಲ್ಫ್ ಹಿಡಿಯದಿದ್ದರೆ, ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಪ್ಲಗ್, ಆಮೇಲೆ ಸಿಡಿಐ (ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ). ಹಣ ಕರಗುತ್ತದೆ, ದೋಷ ಹಾಗೆಯೇ ಉಳಿಯುತ್ತದೆ. ಏಕೆಂದರೆ ಹಳೆಯ ವಾಹನದ ದೋಷ ಅನೇಕ ವೇಳೆ ಬಿಡಿಭಾಗದೊಳಗೆ ಇರುವುದೇ ಇಲ್ಲ. ಎರಡು ಭಾಗಗಳು ಕೂಡುವ ಜಾಗದಲ್ಲಿ, ಒಂದು ಬೋಲ್ಟಿನ ಅಡಿಯಲ್ಲೋ ಒಂದು ಕನೆಕ್ಟರಿನ ಒಳಗೋ ಇರುತ್ತದೆ. ಅದನ್ನು ಕಂಡುಹಿಡಿಯಲು ನೂರಾರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್ ಸಾಕು. ಆದರೆ ಅದನ್ನು ಯಾವಾಗ ಹಿಡಿಯಬೇಕು ಎಂಬುದು ತಿಳಿದಿರಬೇಕು.

ತುಂಬ ಸಾಮಾನ್ಯವಾದ ದೂರನ್ನೇ ನೋಡೋಣ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಸೆಲ್ಫ್ ಒತ್ತಿದರೆ ಮಾತ್ರ ಎಂಜಿನ್ ತಿರುಗುವುದಿಲ್ಲ. ಲೈಟ್ ಉರಿಯುತ್ತಿದೆ ಎಂದಮೇಲೆ ಕರೆಂಟ್ ಬರುತ್ತಿದೆ, ಹಾಗಾದರೆ ಸೆಲ್ಫ್ ಮೋಟರೇ ಸುಟ್ಟಿದೆ ಎಂದು ಹೊಸಬರು ತೀರ್ಮಾನಿಸುತ್ತಾರೆ. ಜರ್ಮನ್ ಭೌತವಿಜ್ಞಾನಿ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಬೇರೆಯದನ್ನೇ ಹೇಳುತ್ತದೆ: ಒಂದು ಜಾಗದಲ್ಲಿ ನಷ್ಟವಾಗುವ ವೋಲ್ಟೇಜು ಆ ಜಾಗದ ರೋಧವನ್ನೂ ಅದರ ಮೂಲಕ ಹರಿಯುವ ಪ್ರವಾಹವನ್ನೂ ಗುಣಿಸಿದಷ್ಟು. ತುಕ್ಕು ಹಿಡಿದ ಒಂದು ಜೋಡಣೆಯ ರೋಧ 0.1 ಓಮ್ ಇದೆ ಎಂದುಕೊಳ್ಳಿ. 35 ವಾಟಿನ ಹೆಡ್‌ಲೈಟಿಗೆ ಬೇಕಾದ ಪ್ರವಾಹ ಸುಮಾರು 3 ಆಂಪಿಯರ್, ಆದ್ದರಿಂದ ಅಲ್ಲಿ ಕಳೆದುಹೋಗುವುದು 0.3 ವೋಲ್ಟ್ ಮಾತ್ರ; ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ಜೋಡಣೆಯ ಮೂಲಕ ಸೆಲ್ಫ್ ಮೋಟರು 40 ಆಂಪಿಯರ್ ಎಳೆಯಲು ಹೋದರೆ ಅಲ್ಲೇ 4 ವೋಲ್ಟ್ ಹೋಗುತ್ತದೆ, ಉಳಿದದ್ದರಲ್ಲಿ ಮೋಟರಿಗೆ ಎಂಜಿನ್ನನ್ನು ತಿರುಗಿಸುವ ಶಕ್ತಿ ಇರುವುದಿಲ್ಲ. ಹೀಗೆ ಕಳೆದ ವಿದ್ಯುತ್ತು ಬಿಸಿಯಾಗಿ ಹೊರಬರುವುದರಿಂದ, ಎರಡು ಮೂರು ಸಲ ಸೆಲ್ಫ್ ಒತ್ತಿದ ಮೇಲೆ ಬೆಚ್ಚಗಾಗಿರುವ ಟರ್ಮಿನಲ್ಲೇ ಅಪರಾಧಿ ಎಂದು ಬೆರಳು ಮುಟ್ಟಿಯೇ ಹೇಳಬಹುದು.

ಇಲ್ಲಿನ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸ ವಿಷಯವೇನಲ್ಲ. ಹನಿ ನೀರಾವರಿಯ ಫಿಲ್ಟರ್ ಕಟ್ಟಿಕೊಂಡಿದ್ದರೂ ವಾಲ್ವುಗಳೆಲ್ಲ ಮುಚ್ಚಿರುವಾಗ ಅದರ ಆಚೆಯ ಗೇಜು ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ವಾಲ್ವು ತೆರೆದು ನೀರು ಹರಿಯತೊಡಗಿದಾಗಲಷ್ಟೇ ಒತ್ತಡ ಬೀಳುತ್ತದೆ. ಬೈಕನ್ನು ಸುಮ್ಮನೆ ನಿಲ್ಲಿಸಿಕೊಂಡು ವೈರಿನ ಎರಡು ತುದಿಗೆ ಮೀಟರು ಹಿಡಿದು ‘ಕಂಟಿನ್ಯುಟಿ’ (ವೈರು ಕಡಿಯದೆ ಕೂಡಿದೆಯೇ ಎಂದು) ನೋಡುವುದರಲ್ಲಿರುವ ದೋಷವೂ ಇದೇ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ತಾಮ್ರದ ವೈರು ಕೂಡ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಸರಿಯಾದ ಪರೀಕ್ಷೆ ಹೀಗೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಬಣ್ಣವಿಲ್ಲದ ಎಂಜಿನ್ ಲೋಹಕ್ಕೂ ಒತ್ತಿ ಹಿಡಿದು, ಸೆಲ್ಫ್ ಒತ್ತಬೇಕು. ಅರ್ಥಿಂಗ್, ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ, ಸರಿಯಿದ್ದರೆ ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು, ಬಣ್ಣ ಅಥವಾ ಸಡಿಲವಾದ ಬೋಲ್ಟ್ ಇದೆ; ಎಮರಿ ಪೇಪರಿನಿಂದ ಉಜ್ಜಿ ಬಿಗಿ ಮಾಡಿದರೆ ಕೆಲಸ ಮುಗಿಯಿತು. ಪಾಸಿಟಿವ್ ಕಂಬದಿಂದ ರಿಲೇಗೆ (ಸೆಲ್ಫ್ ಒತ್ತಿದಾಗ ಮೋಟರಿಗೆ ಕರೆಂಟ್ ಕೂಡಿಸುವ ಸ್ವಿಚ್ಚು), ರಿಲೇಯಿಂದ ಮೋಟರಿಗೆ ಇದೇ ಅಳತೆಯನ್ನು ಮುಂದುವರಿಸಬಹುದು. ಬ್ಯಾಟರಿಯ ಎರಡು ಕಂಬಗಳ ನಡುವೆಯೇ ಅಳೆದಾಗ, ಸುಮ್ಮನಿರುವಾಗ 12.6 ವೋಲ್ಟ್ ತೋರುವ ಬ್ಯಾಟರಿ ಸೆಲ್ಫ್ ಒತ್ತಿದೊಡನೆ 9 ವೋಲ್ಟಿಗಿಂತ ಕೆಳಗಿಳಿದರೆ ಆಗ ಬ್ಯಾಟರಿಯನ್ನು ಸಂಶಯಿಸುವುದು ನ್ಯಾಯ.

ಸದ್ದು ಕೂಡ ಸುಳಿವು ಕೊಡುತ್ತದೆ. ಟಕಟಕನೆ ಬಿಡದೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ: ರಿಲೇ ಹಿಡಿದೊಡನೆ ವೋಲ್ಟೇಜು ಕುಸಿಯುತ್ತದೆ, ಕುಸಿದೊಡನೆ ರಿಲೇ ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜು ಚೇತರಿಸಿ ಮತ್ತೆ ಹಿಡಿಯುತ್ತದೆ. ಒಂದೇ ಒಂದು ‘ಟಕ್’ ಬಂದು, ದೀಪವೂ ಮಂಕಾಗದೆ ನಿಂತರೆ ದೋಷ ರಿಲೇಯಿಂದ ಆಚೆಗೆ, ಅಂದರೆ ರಿಲೇಯ ಒಳಗಿನ ಕಾಂಟ್ಯಾಕ್ಟು, ಮೋಟರಿನ ಬ್ರಷ್ಷು ಅಥವಾ ಎಂಜಿನ್ನಿನ ಅರ್ಥಿಂಗಿನಲ್ಲಿದೆ.

ಎಂಜಿನ್ ಓಡುತ್ತಿರುವಾಗ, ಆಕ್ಸಿಲರೇಟರ್ ಕೊಂಚ ಏರಿಸಿ, ಬ್ಯಾಟರಿಯ ಮೇಲೆ ಮತ್ತೊಮ್ಮೆ ಅಳೆಯಿರಿ. 13.5ರಿಂದ 14.5 ವೋಲ್ಟಿನ ನಡುವೆ ಇರಬೇಕು. ಏರದೆ 12ರ ಆಸುಪಾಸಿನಲ್ಲೇ ನಿಂತರೆ ವಿದ್ಯುತ್ತು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್, ಅದರ ಕನೆಕ್ಟರ್ ಅಥವಾ ಆ ವಿದ್ಯುತ್ತನ್ನು ಡಿಸಿ ಮಾಡಿ ವೋಲ್ಟೇಜನ್ನು ಹಿಡಿತದಲ್ಲಿಡುವ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ ನೋಡಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ ನಿಯಂತ್ರಣ ತಪ್ಪಿದೆ, ಬ್ಯಾಟರಿಯ ನೀರು ಬೇಗ ಖಾಲಿಯಾಗುತ್ತದೆ. ಹಾಗೆ ಖಾಲಿಯಾದಾಗ ಮನೆಯ ನೀರನ್ನೇ ಹಾಕುವ ಅಭ್ಯಾಸ ನಮ್ಮ ಕಡೆ ವಿಶೇಷವಾಗಿ ಹಾನಿಕರ. ಆಳದ ಕೊಳವೆಬಾವಿಗಳ ನೀರಿನಲ್ಲಿ ಕರಗಿರುವ ಲವಣಗಳು ಸೀಸದ ಫಲಕಗಳ ಆಯುಷ್ಯವನ್ನು ಕುಗ್ಗಿಸುತ್ತವೆ. ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು.

ಫ್ಯೂಸ್ ಪದೇಪದೇ ಹೋಗುವ ಬೈಕಿಗೆ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿ ಕೊಡುವವರಿದ್ದಾರೆ. ದಯವಿಟ್ಟು ಇದನ್ನು ಮಾಡಬೇಡಿ. ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಹಾದುಹೋಗುವ ವೈರಿಂಗ್ ಕಿಟ್ ಸುಟ್ಟುಹೋಗಬಹುದು. ಅದರ ಬದಲು ಫ್ಯೂಸ್ ತೆಗೆದು, ಅದರ ಎರಡು ತುದಿಗಳ ನಡುವೆ ಒಂದು 21 ವಾಟಿನ ಇಂಡಿಕೇಟರ್ ಬಲ್ಬನ್ನು ಕೂಡಿಸಿ, ಲೈಟು ಮತ್ತಿತರ ಸ್ವಿಚ್ಚುಗಳನ್ನು ಆರಿಸಿಡಿ. ವೈರು ಎಲ್ಲಾದರೂ ಚಾಸಿಗೆ (ಬೈಕಿನ ಲೋಹದ ಚೌಕಟ್ಟಿಗೆ) ತಗುಲಿದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಪ್ರವಾಹ ಮಾತ್ರ 2 ಆಂಪಿಯರ್ ದಾಟುವುದಿಲ್ಲ. ಈಗ ಹ್ಯಾಂಡಲನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸುತ್ತ, ವೈರುಗಳನ್ನು ಒಂದೊಂದಾಗಿ ಅಲುಗಿಸುತ್ತ ಹೋದರೆ, ಬಲ್ಬು ಆರಿದ ಕ್ಷಣದಲ್ಲಿ ನಿಮ್ಮ ಕೈ ಎಲ್ಲಿದೆಯೋ ಅಲ್ಲೇ ದೋಷವಿದೆ. ಸಾವಿರಾರು ಸಲ ಬಾಗಿ ನೇರವಾಗುವ ಹ್ಯಾಂಡಲಿನ ಕತ್ತನ್ನೂ, ಹಿಂದಿನ ಒಡೆಯರು ಹೆಚ್ಚುವರಿ ಹಾರ್ನಿಗೋ ಎಲ್‌ಇಡಿ ದೀಪಕ್ಕೋ ಟೇಪು ಸುತ್ತಿ ಕೂಡಿಸಿದ ವೈರುಗಳನ್ನೂ ಮೊದಲು ನೋಡುವುದು ಒಳ್ಳೆಯದು. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇಷ್ಟು ಅಗ್ಗವೂ ಇಷ್ಟು ನಂಬಿಕೆಗೆ ಅರ್ಹವೂ ಆದದ್ದು ಇನ್ನೊಂದಿಲ್ಲ.

ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ ಎಂದರೆ ಪ್ರಶ್ನೆ ಬೇರೆ. ಗಾಳಿ-ಪೆಟ್ರೋಲಿನ ಮಿಶ್ರಣ, ಅದನ್ನು ಒತ್ತುವ ಕಂಪ್ರೆಷನ್, ಸರಿಯಾದ ಹೊತ್ತಿಗೆ ಒಂದು ಕಿಡಿ, ಈ ಮೂರರಲ್ಲಿ ಒಂದು ಇಲ್ಲ. ಹಲವು ಸಲ ಕಿಕ್ ಹೊಡೆದ ಮೇಲೆ ಬಿಚ್ಚಿದ ಪ್ಲಗ್ಗು ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಹೊತ್ತಿಕೊಂಡಿಲ್ಲ. ಕಿಡಿ ನೋಡುವಾಗ ಪ್ಲಗ್ಗಿನ ಲೋಹವನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ, ಪ್ಲಗ್ಗಿನ ರಂಧ್ರದಿಂದಲೂ ಪೆಟ್ರೋಲಿನಿಂದಲೂ ದೂರವಿಡಬೇಕು. ಹೊರಗೆ ಕಿಡಿ ಕಂಡಿತು ಎಂದ ಮಾತ್ರಕ್ಕೆ ಒಳಗೂ ಬರುತ್ತದೆ ಎನ್ನುವಂತಿಲ್ಲ. ಗಾಳಿಯ ಒತ್ತಡ ಹೆಚ್ಚಿದಂತೆ ಅದೇ ಅಂತರವನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ ಎಂಬುದನ್ನು ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜು ಕೊಡುವ ಇಗ್ನಿಷನ್ ಕಾಯಿಲ್ ದುರ್ಬಲವಾಗಿದ್ದರೆ ಬಯಲಿನಲ್ಲಿ ಕಿಡಿ ಕೊಟ್ಟು ಸಿಲಿಂಡರಿನ ಒತ್ತಡದಲ್ಲಿ ಸೋಲುವುದು ಇದರಿಂದಲೇ.

ಯಾಂತ್ರಿಕ ದೋಷಗಳನ್ನು ಹುಡುಕಲು ನಂದಿಬೆಟ್ಟದ ಏರು ಒಳ್ಳೆಯ ಪ್ರಯೋಗಶಾಲೆ. ಸುಮಾರು 900 ಮೀಟರಿನಲ್ಲಿರುವ ಊರಿನಿಂದ 1,478 ಮೀಟರಿನ ತುದಿಗೆ ಹೋಗುವಾಗ ಗಾಳಿ ತೆಳುವಾಗಿ ಶೇಕಡ 5–6ರಷ್ಟು ಶಕ್ತಿ ಕುಗ್ಗುವುದು ಸಹಜ. ಅದಕ್ಕಿಂತ ಹೆಚ್ಚು ಸೋತರೆ ಬೆಟ್ಟವನ್ನು ದೂರುವಂತಿಲ್ಲ. ಎಂಜಿನ್ ಸದ್ದು ಏರುತ್ತಿದ್ದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಹಿಡಿಯದೆ ಸ್ವಲ್ಪ ದೂರ ಓಡಿಸಿದ ಮೇಲೂ ಚಕ್ರದ ಹಬ್ ಬಿಸಿಯಾಗಿದ್ದರೆ ಬ್ರೇಕ್ ಉಜ್ಜುತ್ತಿದೆ. ಎರಡೂ ಸರಿಯಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ, ಏಕೆಂದರೆ ಕಲ್ಲು ಕ್ರಷರುಗಳ ರಸ್ತೆಯಲ್ಲಿ ಓಡಿದ ಬೈಕಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದು ಹರಿದಿದ್ದರಂತೂ ಕಲ್ಲಿನ ದೂಳು ಸಿಲಿಂಡರಿನ ಗೋಡೆಯನ್ನು ಗೀಚಿ, ಆಯಿಲ್ ಸುಟ್ಟು ನೀಲಿ ಹೊಗೆ ಬರುವಂತೆ ಮಾಡುತ್ತದೆ. ಆ ಹಂತಕ್ಕೆ ಬಂದ ಎಂಜಿನ್ನಿನ ಸಿಲಿಂಡರನ್ನು ಬೋರ್ ಮಾಡಿಸಬೇಕು (ಒಳಗೋಡೆಯನ್ನು ಕೊರೆದು ನಯ ಮಾಡಿಸಬೇಕು), ಇಲ್ಲವೇ ಬದಲಿಸಬೇಕು.

ತುಂಬ ಕಾಡುವುದು ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ತಾನಾಗಿ ಓಡುವ ಬೈಕು. ಮೆಕ್ಯಾನಿಕ್ ಅಂಗಡಿ ತಲುಪುವಷ್ಟರಲ್ಲಿ ಅದರಲ್ಲಿ ಏನೂ ದೋಷ ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆ ನಿಂತ ಜಾಗದಲ್ಲೇ, ನಿಂತ ನಿಮಿಷದಲ್ಲೇ ನಡೆಯಬೇಕು. ಕಾರ್ಬೊರೇಟರ್ ಇರುವ ಬೈಕಾದರೆ ಬಿಸಿ ಎಂಜಿನ್ನಿನಿಂದ ಮುಖ ದೂರವಿಟ್ಟು ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ಯೆಂದು ಗಾಳಿ ಒಳನುಗ್ಗಿ, ಸ್ವಲ್ಪ ಹೊತ್ತಿನಲ್ಲಿ ಬೈಕು ಸ್ಟಾರ್ಟ್ ಆದರೆ ಮುಚ್ಚಳದಲ್ಲಿರುವ ಗಾಳಿಯ ಸಣ್ಣ ರಂಧ್ರ ಮುಚ್ಚಿಹೋಗಿದೆ, ದೋಷ ಬಿಸಿಯದ್ದೇ ಅಲ್ಲ. ಹಾಗಾಗದಿದ್ದರೆ ಕಿಡಿ ನೋಡಿ. ಕಿಡಿಯೇ ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್ ಅಥವಾ ಪಿಕಪ್ ಕಾಯಿಲ್ಲಿನ (ಕಿಡಿಯ ಹೊತ್ತನ್ನು ತಿಳಿಸುವ ಕಾಯಿಲ್) ಸೂಕ್ಷ್ಮ ತಂತಿ ಬಿಸಿಗೆ ಹಿಗ್ಗಿ ಕಡಿದ ಜಾಗದಲ್ಲಿ ದೂರವಾಗುತ್ತಿರಬಹುದು. ಆ ಕಾಯಿಲ್ಲಿನ ರೋಧವನ್ನು ಬಿಸಿಯಿರುವಾಗಲೇ ಅಳೆದು, ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆದರೆ ಖಚಿತವಾಗುತ್ತದೆ. ಕಿಡಿಯೂ ಪೆಟ್ರೋಲೂ ಇದ್ದು, ಕಿಕ್ ಮಾತ್ರ ಎಂದಿಗಿಂತ ಹಗುರವಾಗಿ ಇಳಿದರೆ, ಸವೆದು ಅಂತರ ಕಳೆದುಕೊಂಡ ವಾಲ್ವು ಬಿಸಿಗೆ ಹಿಗ್ಗಿ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ. ವಾಲ್ವಿನ ಈ ಅಂತರವನ್ನು (ಟ್ಯಾಪೆಟ್ ಅಂತರ) ಎಂಜಿನ್ ಪೂರ್ತಿ ತಣ್ಣಗಿರುವಾಗ, ಆ ಮಾದರಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳಿಂದ) ಸರಿಪಡಿಸಿದರೆ ಕಂಪ್ರೆಷನ್ ಮರಳುತ್ತದೆ; ವಾಲ್ವಿನ ಅಂಚು ಆಗಲೇ ಸುಟ್ಟಿದ್ದರೆ ಹೆಡ್ ಬಿಚ್ಚಿಸಬೇಕಾಗುತ್ತದೆ.